ವಾರನ್ ಪಟ್ಟಣದ ಆಕಾಶ

ಪ್ಯಾಕರ್ಡ್ ಎಂಬುದು ನಮ್ಮ ಹಿಂದಿನ ತಲೆಮಾರಿನವರಿಗೆ ಒಂದು ಮೋಟಾರು ಕಾರಿನ ಹೆಸರು. ರೋಲ್ಸ್ ರಾಯ್ಸ್ ಕಾರಿನ ಜೊತೆಯಲ್ಲಿ ಅದರ ಹೆಸರನ್ನೂ ಸೇರಿಸಿ ಹೇಳುತ್ತಿದ್ದ ಕಾಲವೊಂದಿತ್ತು. ಭಾರತದ ಸಂಸ್ಥಾನಿಕರಲ್ಲಿ ಹಲವರು ಅದನ್ನು ಹಡಗಿನ ಮೇಲೆ ತರಿಸಿಕೊಂಡಿದ್ದರು. ೧೯೫೮ರಲ್ಲಿ ಆ ಕಾರಿನ ತಯಾರಿಕೆ ನಿಂತುಹೋಯಿತು. ಈಗ ಆ ಹೆಸರು ಆದರದಿಂದ ಕೇಳಿಬರುವುದು ಬೇರೊಂದು ವಲಯದಲ್ಲಿ. ಅಪೂರ್ವವಾದ ಹಳೆಯ ಗಡಿಯಾರಗಳನ್ನು ಕೂಡಿಡುವವರ ವಲಯದಲ್ಲಿ. ಕಾರನ್ನು ಕಟ್ಟಿದ ಜೇಮ್ಸ್ ವಾರ್ಡ್ ಪ್ಯಾಕರ್ಡನೇ ಆ ಗಡಿಯಾರಗಳನ್ನು ಮಾಡಿಸಿದವನೂ ಹೌದು. ಇಂದು ನಾನು ಹೇಳಹೊರಟಿರುವುದು ಮುಖ್ಯವಾಗಿ ಈ ಎರಡನೆಯ ಪ್ಯಾಕರ್ಡನ ಕಥೆಯನ್ನು.

ಕನ್ನಡ ಪಾಠ ಹೇಳುವವನಿಗೆ ಈ ಗೊಡವೆ ಏತಕ್ಕೆ ಎಂದು ವಾಚಕರು ಕೇಳಬಹುದು. ನನ್ನ ಕಾಲೇಜು ಪೀಣ್ಯಕ್ಕೆ ಹತ್ತಿರ. ಒಂದು ಕಡೆ ಲೇತುಗಳೂ ಅಚ್ಚಿನ ಯಂತ್ರಗಳೂ ಹಗಲಿರುಳು ಮೊರೆಯುವ ಷೆಡ್ಡುಗಳು. ಇನ್ನೊಂದು ಕಡೆ ಜಾಲಹಳ್ಳಿ. ಆ ಜಾಲಹಳ್ಳಿಯಲ್ಲಿಯೇ, ೧೯೫೩ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆ ೧೯೬೧ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರಗಳನ್ನು ತಯಾರಿಸಲು ತೊಡಗಿತು. ಜನತಾ, ಪೈಲಟ್, ಕಾಂಚನ ಎಂಬ ಹೆಸರುಗಳು ಒಂದು ಕಾಲಕ್ಕೆ ಮನೆಮನೆಯ ಮಾತಾಗಿದ್ದುವು. ಗಡಿಯಾರ ವಿಭಾಗವನ್ನು ಮುಚ್ಚುವ ನಿರ್ಧಾರವನ್ನು ಕೇಂದ್ರ ಸರ್ಕಾರ ಕೈಗೊಂಡದ್ದು ೨೦೧೬ರಲ್ಲಿ. ೨೦೧೯ರಲ್ಲಿ ಅಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆಯಿತು. ಆ ಕಾರ್ಖಾನೆಯಲ್ಲಿ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ದುಡಿದವರ ಮಕ್ಕಳು ಹಲವರು ನನ್ನ ತರಗತಿಯಲ್ಲಿ ಕುಳಿತು ಹೋದವರು. ಅವರಲ್ಲಿ ಕೆಲವರು ಈಗ ವೈಟ್‌ಫೀಲ್ಡಿನಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಒಳ್ಳೆಯ ಸಂಬಳದ ಕೆಲಸದಲ್ಲಿದ್ದಾರೆ. ಹಳೆಯ ಗಡಿಯಾರಗಳನ್ನು, ವಿಶೇಷವಾಗಿ ಕ್ರೋನೋಗ್ರಾಫುಗಳನ್ನು, ಕೂಡಿಡುವ ಹವ್ಯಾಸಕ್ಕೆ ಬಿದ್ದಿದ್ದಾರೆ. ಆಗೊಮ್ಮೆ ಈಗೊಮ್ಮೆ ಮನೆಗೆ ಬಂದು, ಮೇಷ್ಟ್ರೇ ಇದನ್ನು ನೋಡಿ ಎಂದು ತೋರಿಸುತ್ತಾರೆ. ಅವರ ಮಾತು ಎಲ್ಲಿಂದ ಹೊರಟರೂ ಕೊನೆಗೆ ಬೆಲೆಗೆ ಬಂದು ನಿಲ್ಲುತ್ತದೆ. ಯಾವ ಹರಾಜಿನಲ್ಲಿ ಯಾವುದು ಎಷ್ಟಕ್ಕೆ ಹೋಯಿತು, ಐದು ವರ್ಷದಲ್ಲಿ ಎಷ್ಟು ಏರಿತು ಎಂಬುದೇ ಮಾತು. ಕೂಡಿಡುವುದಕ್ಕೆ ಇದಲ್ಲದೆ ಬೇರೆ ಅರ್ಥವಿಲ್ಲವೇ ಎಂದು ಹುಡುಕುತ್ತ ಹೋದಾಗ ನನಗೆ ದೊರೆತದ್ದು ಈ ಅಮೆರಿಕದ ಇಂಜಿನಿಯರನ ಜೀವನ.

ಮುಂದುವರಿಯುವ ಮೊದಲು ಕ್ರೋನೋಗ್ರಾಫ್ ಎಂದರೇನೆಂಬುದನ್ನು ಹೇಳಿಬಿಡುವುದು ಒಳ್ಳೆಯದು. ಸಾಮಾನ್ಯ ಗಡಿಯಾರ ಈಗ ಎಷ್ಟು ಹೊತ್ತು ಎಂಬುದನ್ನು ಹೇಳುತ್ತದೆ. ಕ್ರೋನೋಗ್ರಾಫ್ ಅದರೊಡನೆ, ಎಷ್ಟು ಹೊತ್ತು ಹಿಡಿಯಿತು ಎಂಬುದನ್ನೂ ಹೇಳುತ್ತದೆ. ಗುಂಡಿಯೊಂದನ್ನು ಒತ್ತಿದರೆ ಒಂದು ತೆಳ್ಳನೆಯ ಮುಳ್ಳು ಹೊರಡುತ್ತದೆ. ಮತ್ತೆ ಒತ್ತಿದರೆ ನಿಲ್ಲುತ್ತದೆ. ಇನ್ನೊಮ್ಮೆ ಒತ್ತಿದರೆ ಹೊರಟ ಜಾಗಕ್ಕೆ ಹಾರಿಬಂದು ಕುಳಿತುಕೊಳ್ಳುತ್ತದೆ. ಇಷ್ಟರಲ್ಲಿ ನಿಜವಾದ ಗಂಟೆ ನಿಮಿಷಗಳ ನಡಿಗೆಗೆ ಯಾವ ಅಡ್ಡಿಯೂ ಆಗಬಾರದು. ೧೮೧೬ರಲ್ಲಿ ಲೂಯಿ ಮೊಯ್ನೆ ಎಂಬವನು ನಕ್ಷತ್ರವೀಕ್ಷಣೆಗಾಗಿ ಇಂಥದೊಂದನ್ನು ಮಾಡಿಕೊಂಡಿದ್ದ. ೧೮೨೧ರಲ್ಲಿ ಪ್ಯಾರಿಸಿನ ಕುದುರೆ ಜೂಜಿನಲ್ಲಿ ನಿಕೊಲಾ ರಿಯೊಸೆಕ್ ಎಂಬವನ ಯಂತ್ರ ಮುಖಫಲಕದ ಮೇಲೆ ಮಸಿಯ ಚುಕ್ಕೆಯಿಟ್ಟು ಕಾಲವನ್ನು ಗುರುತಿಸಿತು. ಕಾಲವನ್ನು ಬರೆಯುವುದು ಎಂಬ ಅರ್ಥದ ಗ್ರೀಕ್ ಹೆಸರು ಅದಕ್ಕೆ ಬಂದದ್ದು ಹಾಗೆ. ಮುಳ್ಳನ್ನು ಒಂದೇ ನೆಗೆತಕ್ಕೆ ಸೊನ್ನೆಗೆ ತರುವ ಉಪಾಯವನ್ನು ಕಂಡುಹಿಡಿದವನು ಅಡಾಲ್ಫ್ ನಿಕೋಲ್. ೧೮೪೪ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ಆ ಉಪಾಯವೆಂದರೆ ಹೃದಯದ ಆಕಾರದ ಒಂದು ಸಣ್ಣ ಉಕ್ಕಿನ ಬಿಲ್ಲೆ. ಅದು ಯಾವ ಸ್ಥಾನದಲ್ಲಿದ್ದರೂ ಸರಿಯೆ, ಮೇಲಿಂದ ಒಂದು ಸುತ್ತಿಗೆ ಬಂದು ಒತ್ತಿದೊಡನೆ ತನ್ನ ತಗ್ಗಿನ ಕಡೆಗೆ ಜಾರಿ ನಿಲ್ಲುತ್ತದೆ. ಇಂದಿನ ಕೋಟಿ ರೂಪಾಯಿ ಬೆಲೆಯ ಕೈಗಡಿಯಾರದಲ್ಲಿಯೂ ಕೆಲಸ ಮಾಡುತ್ತಿರುವುದು ಅದೇ ಬಿಲ್ಲೆ.

ಪ್ಯಾಕರ್ಡ್ ಹುಟ್ಟಿದ್ದು ೧೮೬೩ನೆಯ ನವೆಂಬರ್ ೫ರಂದು, ಒಹಾಯೊ ರಾಜ್ಯದ ವಾರನ್ ಎಂಬ ಪಟ್ಟಣದಲ್ಲಿ. ತಂದೆ ಕಬ್ಬಿಣದ ಸಾಮಾನು, ಮರಮುಟ್ಟುಗಳ ವ್ಯಾಪಾರಿ, ಊರಿನಲ್ಲಿ ಅನುಕೂಲಸ್ಥ. ವಿಲಿಯಂ ಎಂಬ ಅಣ್ಣ ಎರಡು ವರ್ಷ ಹಿರಿಯ. ಅಣ್ಣ ವ್ಯವಹಾರದ ಮನುಷ್ಯ, ತಮ್ಮ ಯಂತ್ರದ ಮನುಷ್ಯ. ಮುಂದೆ ಅವರಿಬ್ಬರೂ ಜೊತೆಯಾಗಿ ಸಾಧಿಸಿದ್ದೆಲ್ಲ ಈ ಕೂಡಿಕೆಯಿಂದ. ಜೇಮ್ಸ್ ಲೀಹೈ ವಿಶ್ವವಿದ್ಯಾಲಯದಲ್ಲಿ ಯಂತ್ರಶಾಸ್ತ್ರವನ್ನು ಓದಿ ೧೮೮೪ರಲ್ಲಿ ಪದವಿ ಪಡೆದ. ಎಡಿಸನ್ನನ ವಿದ್ಯುದ್ದೀಪ ಅಮೆರಿಕದ ನಗರಗಳನ್ನು ಬೆಳಗತೊಡಗಿದ್ದ ಕಾಲ ಅದು. ತರುಣನು ನ್ಯೂಯಾರ್ಕಿಗೆ ಹೋಗಿ ಸಾಯರ್-ಮ್ಯಾನ್ ಎಂಬ ದೀಪದ ಕಂಪನಿಯಲ್ಲಿ ಕೆಲಸಕ್ಕೆ ಸೇರಿ, ಬೇಗನೆ ಮೇಲ್ವಿಚಾರಣೆಯ ಸ್ಥಾನಕ್ಕೇರಿದ.

ಅಲ್ಲಿಯೇ ಉಳಿದಿದ್ದರೆ ದೊಡ್ಡ ನಗರದ ದೊಡ್ಡ ಇಂಜಿನಿಯರ್ ಆಗುತ್ತಿದ್ದ. ಆದರೆ ಅವನು ಊರಿಗೆ ಮರಳಿದ. ಇದು ಅವನ ಬಾಳಿನ ಮುಖ್ಯವಾದ ತಿರುವು ಎಂದು ನನಗೆ ತೋರುತ್ತದೆ. ಮುಂದೆ ಎರಡು ಬಾರಿ ಇಂಥದೇ ಸಂದರ್ಭ ಬಂದಾಗಲೂ ಅವನು ಆರಿಸಿಕೊಂಡದ್ದು ವಾರನ್ನನ್ನೇ. ೧೮೯೦ರಲ್ಲಿ ಅಣ್ಣತಮ್ಮಂದಿರು ಅಲ್ಲಿ ಪ್ಯಾಕರ್ಡ್ ಎಲೆಕ್ಟ್ರಿಕ್ ಕಂಪನಿಯನ್ನು ಸ್ಥಾಪಿಸಿದರು. ದೀಪದ ಬುರುಡೆಗಳು, ವಿದ್ಯುತ್ ಪರಿವರ್ತಕಗಳು ಅಲ್ಲಿ ತಯಾರಾದುವು. ಅಮೆರಿಕದ ಭೂಪಟದಲ್ಲಿ ಬೆರಳಿಟ್ಟು ಹುಡುಕಬೇಕಾದ ಊರು ಕೈಗಾರಿಕೆಯ ಊರಾಯಿತು. ಬೆಂಗಳೂರಿನ ಹೊರವಲಯದ ಊರುಗಳು ಹೇಗೆ ಬದಲಾದುವೆಂಬುದನ್ನು ಕಂಡ ನಮಗೆ ಈ ಚಿತ್ರ ಅಪರಿಚಿತವಲ್ಲ.

ಮೋಟಾರು ಕಾರಿನ ಕಥೆಯನ್ನು ಬಲ್ಲವರು ಬಹಳ ಮಂದಿ. ಆದುದರಿಂದ ಅದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ೧೮೯೮ರಲ್ಲಿ ಪ್ಯಾಕರ್ಡ್ ಕ್ಲೀವ್‌ಲೆಂಡಿನ ಅಲೆಕ್ಸಾಂಡರ್ ವಿಂಟನ್ನನಿಂದ ಒಂದು ಕಾರನ್ನು ಕೊಂಡ. ಊರಿಗೆ ತರುವ ದಾರಿಯಲ್ಲೇ ಅದು ಕೆಟ್ಟುನಿಂತು, ಕುದುರೆ ಕಟ್ಟಿ ಎಳೆಸಬೇಕಾಯಿತು. ಯಂತ್ರ ಬಲ್ಲವನಾದ್ದರಿಂದ ಏನೇನು ತಿದ್ದಬೇಕೆಂಬುದನ್ನು ವಿಂಟನ್ನನಿಗೆ ವಿವರಿಸಿದ. ಅಷ್ಟು ಬುದ್ಧಿಯಿದ್ದರೆ ನೀನೇ ಒಂದನ್ನು ಕಟ್ಟಿಕೊಳ್ಳಬಹುದಲ್ಲ ಎಂಬರ್ಥದ ಉತ್ತರ ಬಂತೆಂದು ಹೇಳುತ್ತಾರೆ. ಪ್ಯಾಕರ್ಡ್ ಆ ಮಾತನ್ನು ಅಕ್ಷರಶಃ ತೆಗೆದುಕೊಂಡ. ವಿಂಟನ್ನನ ಕಡೆಯವರೇ ಆದ ಇಬ್ಬರನ್ನು ಜೊತೆಗೆ ಕರೆದುಕೊಂಡು, ೧೮೯೯ರ ನವೆಂಬರ್ ೬ರಂದು, ತನ್ನ ಮೂವತ್ತಾರನೆಯ ಹುಟ್ಟುಹಬ್ಬದ ಮಾರನೆಯ ದಿನ, ಮೊದಲನೆಯ ಪ್ಯಾಕರ್ಡ್ ಕಾರನ್ನು ವಾರನ್ನಿನ ಬೀದಿಯಲ್ಲಿ ಓಡಿಸಿದ. ದಿಕ್ಕು ತಿರುಗಿಸಲು ದೋಣಿಯಲ್ಲಿರುವಂಥ ಕೋಲನ್ನು ಬಿಟ್ಟು ದುಂಡು ಚಕ್ರವನ್ನು ಅಳವಡಿಸಿದ ಮೊದಲಿಗರಲ್ಲಿ ಅವನೂ ಒಬ್ಬ. ಡೆಟ್ರಾಯಿಟಿನ ಧನಿಕ ಹೆನ್ರಿ ಜಾಯ್ ಮೊದಲಾದವರು ಬಂಡವಾಳ ಹೂಡಿದರು. ೧೯೦೩ರಲ್ಲಿ ಕಾರ್ಖಾನೆ ಡೆಟ್ರಾಯಿಟಿಗೆ ಹೋಯಿತು. ಪ್ಯಾಕರ್ಡ್ ಹೋಗಲಿಲ್ಲ. ಹೆಸರಿಗೆ ಅಧ್ಯಕ್ಷನಾಗಿದ್ದು ೧೯೦೯ರಲ್ಲಿ ಅದನ್ನೂ ಬಿಟ್ಟುಕೊಟ್ಟ. ೧೯೦೪ರಲ್ಲಿ ಎಲಿಜಬೆತ್ ಗಿಲ್ಮರ್ ಎಂಬಾಕೆಯನ್ನು ಮದುವೆಯಾಗಿ ವಾರನ್ನಿನಲ್ಲಿಯೇ ನೆಲಸಿದ.

ಹೀಗೆ ಅವನ ಹೆಸರು ಸಾವಿರಾರು ಕಾರುಗಳ ಮೇಲೆ ದೇಶವೆಲ್ಲ ಸುತ್ತುತ್ತಿದ್ದಾಗ, ಆ ಹೆಸರಿನ ಮನುಷ್ಯ ಹುಟ್ಟೂರಿನ ಮನೆಯಲ್ಲಿ ಕುಳಿತು ಜಿನೀವಕ್ಕೆ ಗಡಿಯಾರಗಳ ಬೇಡಿಕೆಯನ್ನು ಬರೆದು ಕಳಿಸುತ್ತಿದ್ದ. ಈ ಗೀಳು ಹಿಡಿದದ್ದು ಸುಮಾರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಬಿಟ್ಟದ್ದು ಸಾವಿನೊಡನೆ. ಅವನು ಹೆಚ್ಚಾಗಿ ನೆಚ್ಚಿದ ಮನೆ ಪಾಟೆಕ್ ಫಿಲಿಪ್. ಪೋಲೆಂಡಿನಿಂದ ಬಂದ ಆಂಟನಿ ಪಾಟೆಕ್ ೧೮೩೯ರಲ್ಲಿ ಜಿನೀವದಲ್ಲಿ ತೊಡಗಿದ ವ್ಯವಹಾರದಿಂದ ಬೆಳೆದ ಮನೆ ಅದು. ವಾಷೆರೊ ಕಾನ್‌ಸ್ಟಾಂಟಿನ್ ಮುಂತಾದ ಇತರರಿಂದಲೂ ಅವನು ಗಡಿಯಾರಗಳನ್ನು ಮಾಡಿಸಿದ.

ಮಾಡಿಸಿದ ಎಂಬ ಶಬ್ದವನ್ನು ಬೇಕೆಂದೇ ಬಳಸಿದ್ದೇನೆ. ಕೂಡಿಡುವವರಲ್ಲಿ ಎರಡು ಬಗೆಯವರುಂಟು. ಇರುವುದನ್ನು ಹುಡುಕಿ ತರುವವರು ಒಂದು ಬಗೆ. ಇಲ್ಲದ್ದನ್ನು ಕೇಳಿ ಮಾಡಿಸುವವರು ಇನ್ನೊಂದು ಬಗೆ. ಮೊದಲನೆಯವರಿಗೆ ಬೇಕಾದುದು ಹಣ ಮತ್ತು ತಾಳ್ಮೆ. ಎರಡನೆಯವರಿಗೆ ಅದರ ಜೊತೆಗೆ ವಿದ್ಯೆಯೂ ಬೇಕು. ಪ್ಯಾಕರ್ಡ್ ಕುಶಲಿಗಳ ಮುಂದಿಡುತ್ತಿದ್ದುದು ಒಂದೊಂದೂ ಒಂದು ಪ್ರಶ್ನೆಪತ್ರಿಕೆ. ಹಡಗಿನಲ್ಲಿ ಕಾವಲಿನವರಿಗಾಗಿ ಅರ್ಧ ಗಂಟೆಗೊಮ್ಮೆ ಗಂಟೆ ಬಾರಿಸುತ್ತಾರೆ; ನಾಲ್ಕು ಗಂಟೆಯ ಒಂದು ಸರದಿ ಮುಗಿಯುವಾಗ ಎಂಟು ಬಡಿತಗಳಾಗುತ್ತವೆ. ನಮ್ಮ ಜಾವಕ್ಕೆ ಮೂರು ಗಂಟೆ, ನಾವಿಕರ ಜಾವಕ್ಕೆ ನಾಲ್ಕು. ಜೇಬಿನ ಗಡಿಯಾರವೊಂದು ಆ ಲೆಕ್ಕದಲ್ಲಿ ನುಡಿಯಬಲ್ಲುದೇ? ಬೆತ್ತದ ಹಿಡಿಕೆಯೊಳಗೆ ಗಡಿಯಾರ ಹಿಡಿಸಬಲ್ಲುದೇ? ಒಂದೇ ಚಿನ್ನದ ಡಬ್ಬಿಯಲ್ಲಿ ಎಷ್ಟು ಬಗೆಯ ಲೆಕ್ಕಗಳನ್ನು ಒಂದಕ್ಕೊಂದು ತೊಡಕಾಗದಂತೆ ಕೂರಿಸಬಹುದು? ಇವೆಲ್ಲಕ್ಕೂ ಜಿನೀವದಿಂದ ಉತ್ತರ ಬಂತು, ಅದೂ ನಡೆಯುವ ಗಡಿಯಾರಗಳ ರೂಪದಲ್ಲಿ. ೧೯೧೬ರಲ್ಲಿ ಪಾಟೆಕ್ ಮನೆಯವರು ಅವನಿಗಾಗಿ ಮಾಡಿದ ಒಂದು ಗಡಿಯಾರದಲ್ಲಿ ಬರಿಯ ಹೊತ್ತು ತೋರುವುದಲ್ಲದೆ ಹದಿನಾರು ವಿಶೇಷ ಕಾರ್ಯಗಳಿದ್ದುವು. ೧೯೧೮ರ ವಾಷೆರೊ ಗಡಿಯಾರವೊಂದರಲ್ಲಿ ಕ್ರೋನೋಗ್ರಾಫ್ ಇತ್ತು. ಗಂಟೆಯನ್ನೂ ಕಾಲು ಗಂಟೆಯನ್ನೂ ತಾನಾಗಿಯೇ ಬಾರಿಸುವ, ಬೇಕೆಂದಾಗ ಮತ್ತೆ ಬಾರಿಸಿ ತಿಳಿಸುವ ಏರ್ಪಾಡೂ ಇತ್ತು.

ಇದನ್ನು ಬರಿಯ ಶ್ರೀಮಂತನ ಆಟವೆಂದು ತಳ್ಳಿಹಾಕುವುದು ಸುಲಭ. ದೀಪದ ಬುರುಡೆ, ತಂತಿ, ಕಾರು ಇವನ್ನು ಸಾವಿರ ಸಾವಿರವಾಗಿ ತಯಾರಿಸಿ ಗಳಿಸಿದ ಹಣವನ್ನು, ಒಂದೇ ಒಂದಾಗಿ ಹುಟ್ಟುವ ವಸ್ತುವಿಗೆ ಅವನು ಸುರಿದ ಎಂಬುದು ನಿಜ. ಆದರೆ ಅದರಲ್ಲಿ ಒಂದು ಸೂಕ್ಷ್ಮವಿದೆ. ಸಾವಿರ ಒಂದೇ ತೆರನ ವಸ್ತುಗಳನ್ನು ಮಾಡುವುದರಲ್ಲಿ ಒಂದು ಬಗೆಯ ಜಾಣ್ಮೆಯುಂಟು. ಜಾಲಹಳ್ಳಿಯ ಕಾರ್ಖಾನೆಯ ಹಿರಿಮೆ ಅದೇ. ಒಬ್ಬ ಕಾರಕೂನನಿಗೂ ಒಬ್ಬ ಶಾಲಾ ಮಾಸ್ತರಿಗೂ ಮಣಿಕಟ್ಟಿನ ಮೇಲೆ ಸರಿಯಾದ ಹೊತ್ತು ಬಂದದ್ದು ಅದರಿಂದ. ಅದಕ್ಕಿಂತ ಪ್ಯಾಕರ್ಡನ ಗಡಿಯಾರ ದೊಡ್ಡದೆಂದು ನಾನು ಹೇಳಲಾರೆ. ಆದರೆ ಕೈ ಏನು ಮಾಡಬಲ್ಲುದು ಎಂಬುದರ ಎಲ್ಲೆ ತಿಳಿಯಬೇಕಾದರೆ, ಆ ಎಲ್ಲೆಯವರೆಗೆ ಹೋಗೆಂದು ಯಾರಾದರೂ ಕೇಳಬೇಕಾಗುತ್ತದೆ. ಕೇಳಿದವನು ಸ್ವತಃ ಲೇತಿನ ಮುಂದೆ ನಿಂತವನಾಗಿದ್ದರೆ ಆ ಕೇಳಿಕೆಗೆ ಘನತೆಯಿರುತ್ತದೆ. ಜಿನೀವದ ಕೆಲಸಗಾರನ ಕಷ್ಟ ಎಲ್ಲಿದೆಯೆಂಬುದು ಅವನಿಗೆ ತಿಳಿದಿತ್ತು.

ನ್ಯೂಯಾರ್ಕಿನ ಹೆನ್ರಿ ಗ್ರೇವ್ಸ್ ಎಂಬ ಧನಿಕನೊಡನೆ ಪ್ಯಾಕರ್ಡನ ಹೆಸರನ್ನು ಸೇರಿಸಿ, ಇಬ್ಬರೂ ಅತ್ಯಂತ ಜಟಿಲವಾದ ಗಡಿಯಾರ ಯಾರದಾಗಬೇಕೆಂದು ಸ್ಪರ್ಧೆ ಹೂಡಿದರೆಂಬ ಕಥೆಯನ್ನು ಹರಾಜಿನವರು ರಸವತ್ತಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಅಷ್ಟು ಆಸಕ್ತಿಯಿಲ್ಲ. ಗ್ರೇವ್ಸನ ಹೆಸರಾಂತ ಗಡಿಯಾರ, ಇಪ್ಪತ್ತನಾಲ್ಕು ಕಾರ್ಯಗಳುಳ್ಳದ್ದು, ಅವನ ಕೈಸೇರಿದ್ದು ೧೯೩೩ರಲ್ಲಿ. ಪ್ಯಾಕರ್ಡ್ ಸತ್ತು ಆಗಲೇ ಐದು ವರ್ಷ. ಬದುಕಿಲ್ಲದವನೊಡನೆ ಎಂಥ ಪಂದ್ಯ? ಆ ಗಡಿಯಾರ ೨೦೧೪ರಲ್ಲಿ ಜಿನೀವದ ಹರಾಜಿನಲ್ಲಿ ೨.೩ ಕೋಟಿ ಸ್ವಿಸ್ ಫ್ರಾಂಕಿಗೆ ಮಾರಾಟವಾಯಿತೆಂಬುದನ್ನು ನನ್ನ ಹಳೆಯ ವಿದ್ಯಾರ್ಥಿಗಳು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ. ಅದರ ಬೆನ್ನಿನ ಮೇಲೆ ನ್ಯೂಯಾರ್ಕಿನ ರಾತ್ರಿಯ ಆಕಾಶವಿದೆ ಎಂಬುದು ಮಾತ್ರ ಗಮನಿಸತಕ್ಕದ್ದು. ಏಕೆಂದರೆ ಪಾಟೆಕ್ ಮನೆಯವರಿಂದ ತನ್ನ ಊರಿನ ಆಕಾಶವನ್ನು ಅದಕ್ಕೆ ಮುಂಚೆಯೇ ಜೇಬಿಗೆ ತರಿಸಿಕೊಂಡವನು ಪ್ಯಾಕರ್ಡ್.

ಆ ಗಡಿಯಾರದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಅದು ಅವನಿಗೆ ತಲುಪಿದ್ದು ೧೯೨೭ರಲ್ಲಿ. ಮುಂಭಾಗದಲ್ಲಿ ಸಾಮಾನ್ಯವಾದ ಗಂಟೆ ನಿಮಿಷಗಳು. ಅಧಿಕ ವರ್ಷದ ಲೆಕ್ಕವನ್ನೂ ತಾನೇ ಇಟ್ಟುಕೊಳ್ಳುವ ಪಂಚಾಂಗ. ಚಂದ್ರನ ವೃದ್ಧಿ ಕ್ಷಯಗಳು. ವಾರನ್ ಪಟ್ಟಣದಲ್ಲಿ ಅಂದಿನ ಸೂರ್ಯೋದಯ ಮತ್ತು ಸೂರ್ಯಾಸ್ತದ ಹೊತ್ತು. ಗಡಿಯಾರದ ಹೊತ್ತಿಗೂ ನೆರಳು ತೋರುವ ನಿಜವಾದ ಸೂರ್ಯನ ಹೊತ್ತಿಗೂ ಇರುವ ಅಂತರ. ಈ ಕೊನೆಯದು ನಮ್ಮ ಪಂಚಾಂಗಕರ್ತರಿಗೆ ಚಿರಪರಿಚಿತವಾದ ವಿಷಯ. ಸೂರ್ಯ ವರ್ಷವೆಲ್ಲ ಒಂದೇ ಸಮನಾಗಿ ನಡೆಯುವವನಲ್ಲ. ಫೆಬ್ರವರಿಯ ನಡುವೆ ಗಡಿಯಾರಕ್ಕಿಂತ ಸುಮಾರು ೧೪ ನಿಮಿಷ ಹಿಂದೆ ಬೀಳುತ್ತಾನೆ. ನವೆಂಬರಿನ ಮೊದಲ ವಾರದಲ್ಲಿ ೧೬ ನಿಮಿಷಕ್ಕೂ ಹೆಚ್ಚು ಮುಂದೆ ಓಡುತ್ತಾನೆ. ಪ್ಯಾಕರ್ಡನ ಹುಟ್ಟುಹಬ್ಬ ಬರುವುದು ಆ ವಾರದಲ್ಲಿಯೇ. ಊರಿಗೊಂದು ಹೊತ್ತಿದ್ದ ಕಾಲ ಹೋಗಿ ದೇಶಕ್ಕೊಂದು ಹೊತ್ತು ಬಂದ ಮೇಲೆ ಇನ್ನೊಂದು ಅಂತರವೂ ಸೇರಿಕೊಂಡಿತು. ಬೆಂಗಳೂರಿನಲ್ಲಿ ನಮ್ಮ ನೆತ್ತಿಯ ಮೇಲಿನ ಹೊತ್ತು, ಗಡಿಯಾರದ ಭಾರತೀಯ ಕಾಲಮಾನಕ್ಕಿಂತ ಸುಮಾರು ೨೦ ನಿಮಿಷ ಹಿಂದಿದೆ. ಕಾರ್ಖಾನೆಯ ಸೈರನ್ನು ಕೂಗುವುದು ದೇಶದ ಹೊತ್ತಿಗೆ. ಹಿತ್ತಲ ತುಳಸಿಗೆ ಬಿಸಿಲು ಬರುವುದು ಊರಿನ ಹೊತ್ತಿಗೆ. ಕಾರ್ಖಾನೆಗಳ ಒಡೆಯನಾಗಿದ್ದವನು ಈ ಎರಡನ್ನೂ ಒಂದೇ ಮುಖದ ಮೇಲೆ ನೋಡಬಯಸಿದ.

ಗಡಿಯಾರವನ್ನು ಮಗುಚಿದರೆ ಕಾಣುವುದು ಕಡುನೀಲಿಯ ಆಕಾಶ. ಅದರಲ್ಲಿ ಚಿನ್ನದ ಐದುನೂರು ನಕ್ಷತ್ರಗಳು, ದೊಡ್ಡವು ದೊಡ್ಡದಾಗಿ, ಸಣ್ಣವು ಸಣ್ಣದಾಗಿ. ವಾರನ್ ಪಟ್ಟಣದ ನೆತ್ತಿಯ ಮೇಲೆ ಅವು ಯಾವ ರೀತಿಯಲ್ಲಿ ಕಾಣುತ್ತವೆಯೋ ಆ ರೀತಿಯಲ್ಲಿ. ನಕ್ಷತ್ರಗಳ ದಿನಕ್ಕೆ ೨೩ ಗಂಟೆ ೫೬ ನಿಮಿಷ ೪ ಸೆಕೆಂಡು. ಸೂರ್ಯನ ದಿನಕ್ಕಿಂತ ನಾಲ್ಕು ನಿಮಿಷದಷ್ಟು ಕಡಮೆ. ಮುಂಭಾಗ ಒಂದು ಲೆಕ್ಕದಲ್ಲಿ, ಹಿಂಭಾಗ ಇನ್ನೊಂದು ಲೆಕ್ಕದಲ್ಲಿ ನಡೆಯಬೇಕು. ಎರಡಕ್ಕೂ ಚೈತನ್ಯ ಮಾತ್ರ ಒಂದೇ ಸ್ಪ್ರಿಂಗಿನದು. ಹಲ್ಲುಚಕ್ರಗಳ ಹಲ್ಲುಗಳ ಸಂಖ್ಯೆಯನ್ನು ಹೊಂದಿಸಿ ಈ ಭೇದವನ್ನು ತರುವುದು ಎಷ್ಟು ಶ್ರಮದ ಗಣಿತವೆಂಬುದನ್ನು ಬಲ್ಲವರೇ ಬಲ್ಲರು. ಪ್ಯಾಕರ್ಡ್ ತನ್ನ ಮಲಗುವ ಕೋಣೆಯ ಕಿಟಕಿಯಿಂದ ಕಂಡ ಆಕಾಶ ಇದು ಎಂದು ಕೆಲವರು ಬರೆಯುತ್ತಾರೆ. ಕಿಟಕಿಯಿಂದ ಐದುನೂರು ನಕ್ಷತ್ರ ಕಾಣುವುದು ಕಷ್ಟ. ಕಿಟಕಿಗೆ ಒಂದೇ ದಿಕ್ಕು. ಇದು ಅಂಗಳದಲ್ಲಿ ನಿಂತು ತಲೆಯೆತ್ತಿದವನ ಆಕಾಶ.

ಪಂಪನನ್ನು ಪಾಠ ಹೇಳುವಾಗ ಅವನಿಗೆ ಬನವಾಸಿಯ ಮೇಲಿದ್ದ ಮೋಹದ ಪ್ರಸ್ತಾಪ ಬಾರದೆ ಇರುವುದಿಲ್ಲ. ಅರಿಕೇಸರಿಯ ಆಸ್ಥಾನದ ವೈಭವದಲ್ಲಿದ್ದವನಿಗೆ ದೂರದ ಒಂದು ಸೀಮೆ ಮತ್ತೆಮತ್ತೆ ನೆನಪಾಗುತ್ತದೆ. ಅಲ್ಲಿನ ಗಾಳಿ, ಹೂವು, ಹಾಡು ಎಲ್ಲವೂ ಬೇಕಾಗುತ್ತವೆ. ಕವಿ ಪದ್ಯ ಬರೆದ. ಇಂಜಿನಿಯರನಿಗೆ ಪದ್ಯ ಬರೆಯಲು ಬರುತ್ತಿರಲಿಲ್ಲ. ಅವನು ಅಕ್ಷಾಂಶ ರೇಖಾಂಶಗಳನ್ನು ಬರೆದು ಕಳಿಸಿದ. ಎರಡನ್ನೂ ಸಮನಾಗಿ ತೂಗುವ ಉದ್ದೇಶ ನನ್ನದಲ್ಲ. ಊರಿನ ಮೋಹ ಯಾವ ಭಾಷೆಯಲ್ಲಿ ಬೇಕಾದರೂ ಮಾತಾಡೀತು ಎಂಬುದಕ್ಕಾಗಿ ಹೇಳಿದೆ.

ಅದೇ ೧೯೨೭ರಲ್ಲಿ ಮುಗಿದ ಇನ್ನೊಂದು ಗಡಿಯಾರವುಂಟು. ಹೊತ್ತು ಗೊತ್ತುಮಾಡಿಟ್ಟರೆ ಅದು ಗಂಟೆ ಬಾರಿಸುವುದಿಲ್ಲ. ಒಂದು ರಾಗವನ್ನು ನುಡಿಸುತ್ತದೆ. ಫ್ರಾನ್ಸಿನ ಸಂಗೀತಗಾರ ಬೆಂಜಮಿನ್ ಗೊದಾರನ ಜೋಸ್ಲಿನ್ ಎಂಬ ಗೀತನಾಟಕದ ಜೋಗುಳ ಅದು. ಪ್ಯಾಕರ್ಡನ ತಾಯಿಗೆ ಪ್ರಿಯವಾಗಿದ್ದ ಹಾಡು. ಅವನ ತೊಟ್ಟಿಲ ಹಾಡೇ ಅದು ಎಂದು ಬರೆದವರೂ ಇದ್ದಾರೆ. ಆದರೆ ಆ ನಾಟಕ ರಂಗಕ್ಕೆ ಬಂದದ್ದು ೧೮೮೮ರಲ್ಲಿ. ಆಗ ಪ್ಯಾಕರ್ಡನಿಗೆ ಇಪ್ಪತ್ತನಾಲ್ಕು ತುಂಬಿತ್ತು. ಆದುದರಿಂದ ಅದು ಕೂಸಿಗೆ ಹಾಡಿದ ಹಾಡಲ್ಲ. ಬೆಳೆದ ಮಗ ತಾಯಿಯ ಬಾಯಲ್ಲಿ ಕೇಳಿದ, ಅಥವಾ ಆಕೆ ಮೆಚ್ಚಿದಳೆಂದು ತಿಳಿದು ನೆನಪಿಟ್ಟುಕೊಂಡ ಹಾಡು. ಹಾಗೆಂದ ಮಾತ್ರಕ್ಕೆ ಕಥೆಯ ಬೆಲೆ ಇಳಿಯಿತೆಂದು ನನಗನ್ನಿಸುವುದಿಲ್ಲ, ಇನ್ನೂ ಏರಿತು.

ಈ ಎರಡು ಗಡಿಯಾರಗಳು ಬಂದಾಗ ಅವನ ಸ್ಥಿತಿ ಹೇಗಿತ್ತೆಂಬುದನ್ನು ಈಗ ಹೇಳಬೇಕು. ಅಣ್ಣ ವಿಲಿಯಂ ೧೯೨೩ರಲ್ಲಿ ತೀರಿಕೊಂಡಿದ್ದ. ತಮ್ಮನಿಗೆ ಕ್ಯಾನ್ಸರ್ ರೋಗ ಹಿಡಿದು, ಕೊನೆಯ ತಿಂಗಳುಗಳೆಲ್ಲ ಕ್ಲೀವ್‌ಲೆಂಡಿನ ಆಸ್ಪತ್ರೆಯಲ್ಲಿಯೇ ಕಳೆದುವು. ವಾರನ್ನಿನ ಆಕಾಶ ಅವನ ಕೈಗೆ ಬಂದಾಗ ಅವನು ವಾರನ್ನಿನಲ್ಲಿ ಇರಲಿಲ್ಲ. ಎರಡು ಊರುಗಳ ನಡುವೆ ದೂರವೇನೂ ಹೆಚ್ಚಲ್ಲ. ಕಾರಿನಲ್ಲಿ ಒಂದು ಹೊತ್ತಿನ ದಾರಿ. ಇಪ್ಪತ್ತೊಂಬತ್ತು ವರ್ಷದ ಹಿಂದೆ ವಿಂಟನ್ನನ ಕಾರು ಕೆಟ್ಟುನಿಂತದ್ದು ಅದೇ ದಾರಿಯಲ್ಲಿ. ಆದರೆ ಹಾಸಿಗೆ ಹಿಡಿದವನಿಗೆ ಅದನ್ನು ದಾಟುವುದು ಸಾಧ್ಯವಾಗಲಿಲ್ಲ. ಈ ಮಧ್ಯೆ ತಾನು ಓದಿದ ಲೀಹೈ ವಿಶ್ವವಿದ್ಯಾಲಯಕ್ಕೆ ಯಂತ್ರವಿದ್ಯೆಯ ಪ್ರಯೋಗಶಾಲೆ ಕಟ್ಟಲು ಹತ್ತು ಲಕ್ಷ ಡಾಲರುಗಳನ್ನು ಕೊಟ್ಟ. ಅವನು ಕಟ್ಟಿದ ಮೊಟ್ಟಮೊದಲ ಕಾರು ಆ ಕಟ್ಟಡಕ್ಕೆ ಹೋಗಿ ಸೇರಿತು. ಕಟ್ಟಡ ಮುಗಿದುದನ್ನು ಅವನು ನೋಡಲಿಲ್ಲ. ೧೯೨೮ರ ಮಾರ್ಚ್ ೨೦ರಂದು ಕ್ಲೀವ್‌ಲೆಂಡಿನಲ್ಲಿ ಅವನ ಬಾಳು ಮುಗಿಯಿತು. ಆಗ ಅವನಿಗೆ ಅರುವತ್ತನಾಲ್ಕು ವರ್ಷ.

ಪ್ಯಾಕರ್ಡನದು ಬಹುಮಟ್ಟಿಗೆ ಜೇಬಿನ ಗಡಿಯಾರದ ಯುಗ. ೧೯೧೪ರಿಂದ ೧೯೧೮ರ ವರೆಗಿನ ಮಹಾಯುದ್ಧದಲ್ಲಿ ಸಿಪಾಯಿಗಳಿಗೆ ಜೇಬಿಗೆ ಕೈಹಾಕಲು ಬಿಡುವಿಲ್ಲದೆ ಗಡಿಯಾರ ಮಣಿಕಟ್ಟಿಗೆ ಏರಿತು. ಅವನು ಸಾಯುವ ಹೊತ್ತಿಗೆ ಜೇಬಿನ ಗಡಿಯಾರ ಅಜ್ಜಂದಿರ ಪಾಲಾಗತೊಡಗಿತ್ತು. ಅವನ ಜೇಬಿನಲ್ಲಿದ್ದ ವಿದ್ಯೆ ನಶಿಸಲಿಲ್ಲ, ಚಿಕ್ಕದಾಯಿತು. ಅಧಿಕ ವರ್ಷ ಬಲ್ಲ ಪಂಚಾಂಗವನ್ನೂ ಕ್ರೋನೋಗ್ರಾಫನ್ನೂ ಒಟ್ಟಿಗೆ ಕೈಗಡಿಯಾರಕ್ಕೆ ಇಳಿಸಿ, ಪಾಟೆಕ್ ಮನೆಯವರು ೧೯೪೧ರಲ್ಲಿ ೧೫೧೮ ಎಂಬ ಸಂಖ್ಯೆಯ ಮಾದರಿಯನ್ನು ಸಾಲಾಗಿ ತಯಾರಿಸಲಾರಂಭಿಸಿದರು. ಅದರಲ್ಲಿ ಉಕ್ಕಿನ ಕವಚದ್ದೊಂದು ೨೦೧೬ರಲ್ಲಿ ೧.೧ ಕೋಟಿ ಸ್ವಿಸ್ ಫ್ರಾಂಕಿಗೆ ಹೋಯಿತು. ಚಿನ್ನದ್ದಕ್ಕಿಂತ ಉಕ್ಕಿನದ್ದಕ್ಕೆ ಹೆಚ್ಚು ಬೆಲೆ! ಉಕ್ಕಿನವು ಬೆರಳೆಣಿಕೆಯಷ್ಟು ಮಾತ್ರ ಎಂಬುದೇ ಕಾರಣ. ೨೦೧೭ರಲ್ಲಿ ನಟ ಪಾಲ್ ನ್ಯೂಮನ್ನನ ರೋಲೆಕ್ಸ್ ಕ್ರೋನೋಗ್ರಾಫಿಗೆ ೧.೭೭ ಕೋಟಿ ಡಾಲರು ಬಂತು. ಅದು ಹೊಸದಾಗಿದ್ದಾಗ ಸಾಮಾನ್ಯ ಸಂಬಳದವನೂ ಆಸೆಪಡಬಹುದಾದ ಗಡಿಯಾರ. ಪ್ಯಾಕರ್ಡನ ೧೯೧೮ರ ವಾಷೆರೊ ೨೦೧೧ರಲ್ಲಿ ನ್ಯೂಯಾರ್ಕಿನ ಹರಾಜಿಗೆ ಬಂದು ಸುಮಾರು ೧೮ ಲಕ್ಷ ಡಾಲರಿಗೆ ಹೋಯಿತು. ಈ ಅಂಕೆಗಳನ್ನು ಮುಂದಿಟ್ಟುಕೊಂಡು ನೋಡಿದರೆ, ನಟನ ಕೈಯಲ್ಲಿದ್ದ ಗಡಿಯಾರ ಇಂಜಿನಿಯರನ ತಲೆಯಲ್ಲಿದ್ದ ಗಡಿಯಾರಕ್ಕಿಂತ ಹತ್ತು ಪಾಲು ಮೇಲಾಯಿತು. ಮಾರುಕಟ್ಟೆಯ ತಕ್ಕಡಿ ಹಾಗೆ. ಅದರೊಡನೆ ಜಗಳವಾಡಿ ಫಲವಿಲ್ಲ.

ಮೊನ್ನೆ ಒಬ್ಬ ಹಳೆಯ ವಿದ್ಯಾರ್ಥಿ ತನ್ನ ತಂದೆ ಜಾಲಹಳ್ಳಿಯಲ್ಲಿ ಕೆಲಸಕ್ಕಿದ್ದಾಗ ಕಟ್ಟುತ್ತಿದ್ದ ಜನತಾ ಗಡಿಯಾರವನ್ನು ತಂದಿದ್ದ. ತಾನು ಸಾಲ ಮಾಡಿ ಕೊಂಡ ಸ್ವಿಸ್ ಕ್ರೋನೋಗ್ರಾಫ್ ಬ್ಯಾಂಕಿನ ಲಾಕರಿನಲ್ಲಿದೆಯೆಂದೂ ಇದನ್ನು ಮಾತ್ರ ದಿನವೂ ಕಟ್ಟಿಕೊಳ್ಳುವುದಾಗಿಯೂ ಹೇಳಿದ. ಬೆಳಗ್ಗೆ ಎದ್ದು ಅದಕ್ಕೆ ಕೀ ಕೊಡುವುದು ಅವನ ಅಭ್ಯಾಸವಾಗಿದೆಯಂತೆ. ಲಾಕರಿನಲ್ಲಿರುವುದಕ್ಕೆ ಯಾರು ಕೀ ಕೊಡುತ್ತಾರೆ ಎಂದು ಕೇಳಿದೆ. ಅವನು ನಕ್ಕ, ಆದರೆ ಉತ್ತರ ಹೇಳಲಿಲ್ಲ.

ಪ್ಯಾಕರ್ಡನಿಗೆ ಮಕ್ಕಳಿರಲಿಲ್ಲ. ಅವನ ಸಂಗ್ರಹದ ಮುಖ್ಯ ಭಾಗ ಹೋದದ್ದು ಅಮೆರಿಕದ ಗಡಿಯಾರ ಕಸುಬಿನವರ ಸಂಸ್ಥೆಗೆ. ಧನಿಕರ ಮನೆಗಲ್ಲ, ರಿಪೇರಿ ಮಾಡುವವರ ಮನೆಗೆ. ಮುಂದೆ ಹಲವು ದಶಕಗಳ ನಂತರ ಪಾಟೆಕ್ ಮನೆಯವರು ತಮ್ಮ ಹಿರಿಯರ ಕೈಕೆಲಸವನ್ನು ತಾವೇ ಹಣ ಕೊಟ್ಟು ಮರಳಿ ಪಡೆದರು. ಜೋಗುಳ ಹಾಡುವ ಗಡಿಯಾರವೂ ನಕ್ಷತ್ರಗಳ ಗಡಿಯಾರವೂ ಈಗ ಜಿನೀವದ ಅವರ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ಇವೆ. ಇಂಥ ಗಡಿಯಾರದ ಪಂಚಾಂಗ ನಾಲ್ಕು ವರ್ಷಕ್ಕೊಮ್ಮೆ ಬರುವ ಅಧಿಕ ದಿನವನ್ನು ತಪ್ಪದೆ ಎಣಿಸುತ್ತದೆ. ಆದರೆ ಶತಮಾನದ ಲೆಕ್ಕ ಅದಕ್ಕೆ ತಿಳಿಯದು. ೨೧೦೦ ಅಧಿಕ ವರ್ಷವಲ್ಲ. ಗಡಿಯಾರವನ್ನು ಅಲ್ಲಿಯವರೆಗೆ ಯಾರಾದರೂ ನಡೆಸಿಕೊಂಡು ಬಂದಿದ್ದರೆ, ಆ ವರ್ಷದ ಫೆಬ್ರವರಿ ೨೮ರ ಮಾರನೆಯ ಬೆಳಗ್ಗೆ ಕುಶಲಿಯೊಬ್ಬ ಬಂದು ಒಂದು ದಿನವನ್ನು ಕೈಯಿಂದ ಮುಂದೆ ತಳ್ಳಬೇಕಾಗುತ್ತದೆ.